ಡಿಟೆಕ್ಟಿವ್ ಲೈಸೆನ್ಸ್ ಕೊಡಿಸ್ತೀವಿ ಅಂತ 18,000 ಕೇಳ್ತಿದ್ದಾರೆ, ಕಟ್ಟಬಹುದಾ?

ದಾವಣಗೆರೆ_ಫೀಲ್ಡ್

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು, ಬಿ.ಕಾಂ ಆಗಿದೆ. ಬ್ಯಾಂಕಿಗೆ ಸಾಲದ ಅರ್ಜಿ ಹಾಕಿದವರ ಮನೆ, ಆಫೀಸು ನೋಡಿಕೊಂಡು ಬರುವ ವೆರಿಫಿಕೇಶನ್ ಏಜೆನ್ಸಿಯಲ್ಲಿ ಫೀಲ್ಡ್ ಕೆಲಸ ಮಾಡ್ತಿದ್ದೀನಿ. ವಿಳಾಸ ಹುಡುಕೋದು, ಅಕ್ಕಪಕ್ಕದವರನ್ನು ಮಾತಾಡಿಸೋದು, ಬಾಗಿಲಿನ ಫೋಟೊ ತೆಗೆದು ಆಪ್‌ಗೆ ಹಾಕೋದು, ಇದೇ ದಿನಾ. ಈ ಕೆಲಸ ನನಗೆ ಹಿಡಿಸಿದೆ. ಸ್ವಂತ ಡಿಟೆಕ್ಟಿವ್ ಏಜೆನ್ಸಿ ಮಾಡಬೇಕು ಅಂತ ಆಸೆ ಇದೆ.

ಒಂದು ಸಂಸ್ಥೆಯವರು ಫೋನ್ ಮಾಡಿದ್ರು. ಮೂರು ತಿಂಗಳ ಆನ್‌ಲೈನ್ ಕೋರ್ಸ್, ಮುಗಿದ ಮೇಲೆ "ಭಾರತ ಸರ್ಕಾರದ ಮಾನ್ಯತೆ ಇರುವ ಡಿಟೆಕ್ಟಿವ್ ಲೈಸೆನ್ಸ್", ಸಿಂಹದ ಮುದ್ರೆ ಇರುವ ಐಡಿ ಕಾರ್ಡು, ಗಾಡಿಗೆ ಸ್ಟಿಕರ್, ಎಲ್ಲ ಸೇರಿ 18,000 ರೂಪಾಯಿ. ಈ ವಾರದೊಳಗೆ ಕಟ್ಟಿದರೆ ಮಾತ್ರ ಈ ರೇಟು ಅಂತಾರೆ. ಕಾರ್ಡ್ ಇದ್ದರೆ ಹೋಟೆಲ್ ರಿಜಿಸ್ಟರ್ ಕೂಡ ಕೇಳಿ ನೋಡಬಹುದಂತೆ. ನಿಜವಾಗಲೂ ಲೈಸೆನ್ಸ್ ಯಾರು ಕೊಡೋದು? ಪೊಲೀಸ್ ಇಲಾಖೆನಾ, ಡಿಸಿ ಆಫೀಸಾ? ಅನುಭವ ಇರುವವರು ತಿಳಿಸಿ.

ಪೀಣ್ಯ_ಸೆಕ್ಯುರಿಟಿ

ಬ್ರದರ್, ನಿಮಗೆ ಬೇಕಿರೋದು ಪಸಾರಾ ಲೈಸೆನ್ಸ್. ನಮ್ಮ ಏಜೆನ್ಸಿಗೂ ಅದೇ ಇರೋದು, ಗೃಹ ಇಲಾಖೆಯಿಂದ ಬರುತ್ತೆ. ಅದು ತಗೊಂಡ್ರೆ ಸೆಕ್ಯುರಿಟಿ, ಡಿಟೆಕ್ಟಿವ್ ಎರಡೂ ಮಾಡಬಹುದು.

ಮೈಸೂರು_ವಿಚಾರಣೆ

ದಾವಣಗೆರೆಯವರೇ, ಆ ದುಡ್ಡು ಕಟ್ಟಬೇಡಿ. ಅವರು ಮಾರಲು ಹೊರಟಿರುವ ಲೈಸೆನ್ಸ್ ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ.

ನಾನು ಬೆಂಗಳೂರಿನ ಏಜೆನ್ಸಿಯೊಂದರ ಮದುವೆ ವಿಚಾರಣೆ ವಿಭಾಗದಲ್ಲಿ ಫೀಲ್ಡ್ ಕೆಲಸಕ್ಕೆ ಸೇರಿದವಳು. ಈಗ ಮೈಸೂರಿನಲ್ಲಿ ನನ್ನದೇ ಸಣ್ಣ ಏಜೆನ್ಸಿ ಇದೆ. ಗಂಡಿನ ಕಡೆ, ಹೆಣ್ಣಿನ ಕಡೆ ವಿಚಾರಿಸುವುದು, ಕಂಪನಿಗಳಿಗೆ ಹೊಸದಾಗಿ ಸೇರುವವರ ಹಿನ್ನೆಲೆ ನೋಡುವುದು, ಆಸ್ತಿ ವ್ಯಾಜ್ಯದಲ್ಲಿ ವಕೀಲರಿಗೆ ಬೇಕಾದ ಮಾಹಿತಿ ಕೂಡಿಸಿಕೊಡುವುದು ನನ್ನ ಕೆಲಸ. ಡಿಟೆಕ್ಟಿವ್ ಲೈಸೆನ್ಸ್ ಅನ್ನುವ ಕಾಗದ ನನ್ನ ಹತ್ತಿರ ಇಲ್ಲ, ನನಗೆ ಕೆಲಸ ಕಲಿಸಿದವರ ಹತ್ತಿರವೂ ಇರಲಿಲ್ಲ.

ಪೀಣ್ಯದವರು ಹೇಳಿದ ಪಸಾರಾ ಅಂದರೆ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ. ಅದು ಗಾರ್ಡುಗಳನ್ನು ಒದಗಿಸುವವರಿಗೆ. ಒಂದು ಜಿಲ್ಲೆಗೆ 5,000, ಐದು ಜಿಲ್ಲೆಗಳವರೆಗೆ 10,000, ಇಡೀ ರಾಜ್ಯಕ್ಕೆ 25,000 ಶುಲ್ಕ. ಲೈಸೆನ್ಸ್ ಐದು ವರ್ಷಕ್ಕೆ. ಗಾರ್ಡುಗಳಿಗೆ ತರಬೇತಿ ಕೊಡಿಸಬೇಕು, ಪೊಲೀಸ್ ಪರಿಶೀಲನೆ ಮಾಡಿಸಬೇಕು. ಅಪಾರ್ಟ್‌ಮೆಂಟಿಗೋ ಫ್ಯಾಕ್ಟರಿಗೋ ನೀವು ಕಾವಲುಗಾರರನ್ನು ಕಳಿಸುವುದಾದರೆ ಅದಿಲ್ಲದೆ ಒಂದು ದಿನವೂ ನಡೆಸುವಂತಿಲ್ಲ. ಆದರೆ ಆ ಕಾಯ್ದೆಯಲ್ಲಿ ಪತ್ತೇದಾರಿ ಕೆಲಸದ ಮಾತೇ ಬರುವುದಿಲ್ಲ. ಎಷ್ಟೋ ಸೆಕ್ಯುರಿಟಿ ಏಜೆನ್ಸಿಗಳ ಬೋರ್ಡಿನಲ್ಲಿ "ಸೆಕ್ಯುರಿಟಿ ಅಂಡ್ ಡಿಟೆಕ್ಟಿವ್" ಅಂತ ಬರೆಸಿರುತ್ತಾರಲ್ಲ, ಜನ ಎರಡಕ್ಕೂ ಒಂದೇ ಲೈಸೆನ್ಸ್ ಅಂದುಕೊಳ್ಳುವುದು ಅದರಿಂದಲೇ.

ನಮಗೆ ಅಂತಲೇ ಒಂದು ಕಾನೂನು ತರಲು ಹೊರಟಿದ್ದರು. 2007ರ ಆಗಸ್ಟ್‌ನಲ್ಲಿ ಖಾಸಗಿ ಡಿಟೆಕ್ಟಿವ್ ಏಜೆನ್ಸಿಗಳ ನಿಯಂತ್ರಣ ಮಸೂದೆ ರಾಜ್ಯಸಭೆಗೆ ಬಂತು. ಕೇಂದ್ರಕ್ಕೊಂದು ಮಂಡಳಿ, ರಾಜ್ಯಕ್ಕೊಂದು ಮಂಡಳಿ, ಲೈಸೆನ್ಸ್ ಇಲ್ಲದೆ ಯಾರೂ ಈ ಕೆಲಸ ಮಾಡುವಂತಿಲ್ಲ ಎಂದೆಲ್ಲ ಅದರಲ್ಲಿತ್ತು. ಗೃಹ ವ್ಯವಹಾರಗಳ ಸ್ಥಾಯಿ ಸಮಿತಿಗೆ ಹೋಯಿತು, ಸಮಿತಿ ವರದಿಯನ್ನೂ ಕೊಟ್ಟಿತು, ಆದರೆ ಮಸೂದೆ ಕಾನೂನಾಗಲಿಲ್ಲ. ನನಗೆ ಇದು ನಿಜವಾಗಿಯೂ ನೋವಿನ ವಿಷಯ. ಲೈಸೆನ್ಸ್ ಇದ್ದಿದ್ದರೆ ಕೆಟ್ಟ ಕೆಲಸ ಮಾಡಿದವರದ್ದನ್ನು ಕಿತ್ತುಕೊಳ್ಳಬಹುದಿತ್ತು, ಮೋಸ ಹೋದ ಗಿರಾಕಿ ದೂರು ಕೊಡಲು ಒಂದು ಬಾಗಿಲು ಇರುತ್ತಿತ್ತು. ಈಗ ಯಾರು ಬೇಕಾದರೂ ವೆಬ್‌ಸೈಟ್ ಮಾಡಿಸಿ, ಕಪ್ಪು ಟೋಪಿ ಭೂತಗನ್ನಡಿಯ ಚಿತ್ರ ಹಾಕಿ ಕೂರಬಹುದು.

ಹಾಗಾದರೆ ಗೋಡೆಯ ಮೇಲೆ ತೂಗುಹಾಕಿರುತ್ತಾರಲ್ಲ, ಆ ಸರ್ಟಿಫಿಕೇಟುಗಳು ಏನು ಅಂತ ಕೇಳಬಹುದು. ಕಂಪನಿ ನೋಂದಣಿ ಪತ್ರದ ತಲೆಯ ಮೇಲೆ "ಭಾರತ ಸರ್ಕಾರ" ಅಂತಲೇ ಇರುತ್ತದೆ, ಸಣ್ಣ ಉದ್ದಿಮೆಗಳಿಗೆ ಕೊಡುವ ಉದ್ಯಮ್ ನೋಂದಣಿಯ ಮೇಲೂ ಅಷ್ಟೆ. ಬಟ್ಟೆ ಅಂಗಡಿಯವರಿಗೂ ಅದೇ ಕಾಗದ ಸಿಗುತ್ತದೆ. ಡಿಟೆಕ್ಟಿವ್‌ಗಳ ಸಂಘಗಳಿವೆ, ಸದಸ್ಯತ್ವ ತೆಗೆದುಕೊಂಡರೆ ಪರಿಚಯ ಬೆಳೆಯುತ್ತದೆ, ಬೇರೆ ಊರಿನ ಕೆಲಸಕ್ಕೆ ಜನ ಸಿಗುತ್ತಾರೆ. ಆದರೆ ಸದಸ್ಯತ್ವದ ಕಾರ್ಡಿನಿಂದ ಯಾವ ಅಧಿಕಾರವೂ ಬರುವುದಿಲ್ಲ.

ಸಿಂಹದ ಮುದ್ರೆಯ ಕಾರ್ಡಿನ ವಿಷಯ ಇನ್ನೂ ಗಂಭೀರ. ರಾಷ್ಟ್ರಲಾಂಛನವನ್ನು ಖಾಸಗಿಯವರು ಬಳಸಬಾರದು ಅಂತ 2005ರದ್ದೇ ಇನ್ನೊಂದು ಕಾಯ್ದೆ ಇದೆ, ಎರಡು ವರ್ಷದವರೆಗೆ ಜೈಲು ಆಗಬಹುದು. ಆ ಕಾರ್ಡ್ ಹಿಡಿದು ಹೋಟೆಲ್ ರಿಸೆಪ್ಷನ್‌ನಲ್ಲಿ ಸರ್ಕಾರಿ ಅಧಿಕಾರಿಯ ಥರ ನಿಂತು ರಿಜಿಸ್ಟರ್ ಕೇಳಿದಿರಿ ಅಂದುಕೊಳ್ಳಿ. ಅದು ಭಾರತೀಯ ನ್ಯಾಯ ಸಂಹಿತೆಯ 204ನೇ ಕಲಂ, ಸರ್ಕಾರಿ ನೌಕರನ ಸೋಗು ಹಾಕಿದ ಅಪರಾಧ. ಕನಿಷ್ಠ ಆರು ತಿಂಗಳು, ಗರಿಷ್ಠ ಮೂರು ವರ್ಷ. ಕಾರ್ಡ್ ಮಾರಿದವನು ಆಗ ಫೋನ್ ಎತ್ತುವುದಿಲ್ಲ, ಒಳಗೆ ಹೋಗುವುದು ನೀವು.

ಈ ಕೆಲಸಕ್ಕೆ ಬೇಕಾದ ಕಾಗದಗಳು ಯಾವ ಸಣ್ಣ ವ್ಯಾಪಾರಕ್ಕೂ ಬೇಕಾದವೇ: ಪ್ಯಾನ್, ಕರೆಂಟ್ ಅಕೌಂಟು, ಕಾರ್ಮಿಕ ಇಲಾಖೆಯಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ, ಪಾಲಿಕೆಯಿಂದ ಉದ್ದಿಮೆ ಪರವಾನಗಿ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ, ನಮ್ಮ ಸೇವೆಗೆ ಶೇ 18. ಕಂಪನಿಗಳ ಕೆಲಸ ಹಿಡಿಯುವುದಾದರೆ ಅವರೇ ಜಿಎಸ್‌ಟಿ ನಂಬರ್ ಕೇಳುತ್ತಾರೆ, ಮೊದಲೇ ಮಾಡಿಸಿದರೂ ನಷ್ಟವಿಲ್ಲ.

ಲೈಸೆನ್ಸ್ ಇಲ್ಲ ಅಂದ ತಕ್ಷಣ ಏನು ಬೇಕಾದರೂ ಮಾಡಬಹುದು ಅಂದುಕೊಂಡು ಕೆಡುವವರು ಬಹಳ ಜನ. ಕಾಲ್ ಡೀಟೇಲ್ಸ್ ತೆಗೆಸಿಕೊಡಿ ಅಂತ ನಿಮ್ಮ ಮೊದಲ ತಿಂಗಳಲ್ಲೇ ಯಾರಾದರೂ ಕೇಳುತ್ತಾರೆ. ಸಿಡಿಆರ್ ಅಂತಾರೆ ಅದಕ್ಕೆ. ಯಾರ ನಂಬರಿನಿಂದ ಯಾರಿಗೆ ಎಷ್ಟು ಹೊತ್ತಿಗೆ ಕರೆ ಹೋಯಿತು ಅನ್ನುವ ಪಟ್ಟಿ ಪೊಲೀಸರಿಗೂ ಕೋರ್ಟಿಗೂ ಮಾತ್ರ ಕಾನೂನಿನ ದಾರಿಯಲ್ಲಿ ಸಿಗುವಂಥದ್ದು. 2018ರಲ್ಲಿ ಮಹಾರಾಷ್ಟ್ರದ ಠಾಣೆ ಪೊಲೀಸರು ಈ ಪಟ್ಟಿಗಳನ್ನು ಮಾರುತ್ತಿದ್ದ ಜಾಲ ಹಿಡಿದಾಗ ಬಂಧಿತರಾದವರಲ್ಲಿ ಖಾಸಗಿ ಡಿಟೆಕ್ಟಿವ್‌ಗಳೇ ಹಲವರಿದ್ದರು. ಈಗಿನ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ ಮೂರು ವರ್ಷದವರೆಗೆ ಜೈಲು ಅಥವಾ 2 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೆಂಡತಿಯ ಮೊಬೈಲಿಗೆ ಗೊತ್ತಾಗದ ಹಾಗೆ ಆಪ್ ಹಾಕಿಕೊಡಿ ಅನ್ನುವವರೂ ಬರುತ್ತಾರೆ. ಹೆಣ್ಣುಮಗಳೊಬ್ಬಳ ಇಂಟರ್ನೆಟ್, ಇಮೇಲ್ ಬಳಕೆಯ ಮೇಲೆ ಗಂಡಸೊಬ್ಬ ಕಣ್ಣಿಡುವುದನ್ನು ನ್ಯಾಯ ಸಂಹಿತೆಯ 78ನೇ ಕಲಂ ಹಿಂಬಾಲಿಸುವ ಅಪರಾಧ ಅನ್ನುತ್ತದೆ. ಅಪರಾಧ ಪತ್ತೆಗೆ ಸರ್ಕಾರ ನೇಮಿಸಿದವರಿಗೆ ಅದರಲ್ಲಿ ವಿನಾಯಿತಿ ಇದೆ. ನಮ್ಮನ್ನು ನೇಮಿಸಿದ್ದು ಗಿರಾಕಿ, ಸರ್ಕಾರವಲ್ಲ. ಆ ವಿನಾಯಿತಿ ನಮಗಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಒಮ್ಮತದಿಂದ ಹೇಳಿತಲ್ಲ, ಆ ಅರ್ಜಿ ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಈ ಕೆಲಸಕ್ಕೆ ಬರುವ ಪ್ರತಿ ಹುಡುಗ, ಹುಡುಗಿಯೂ ಆ ತೀರ್ಪಿನ ಸಾರಾಂಶವನ್ನಾದರೂ ಓದಬೇಕು ಅನ್ನುವುದು ನನ್ನ ಆಗ್ರಹ.

ಹಾಗಾದರೆ ಏನು ಉಳಿಯಿತು? ಬೇಕಾದಷ್ಟು ಉಳಿಯಿತು. ಒಂದು ಉದಾಹರಣೆ ಕೊಡುತ್ತೇನೆ. ಹುಡುಗನಿಗೆ ಊರಲ್ಲಿ ತೋಟ, ಬೆಂಗಳೂರಲ್ಲಿ ಕಂಪನಿ ಇದೆ ಅಂತ ದಲ್ಲಾಳಿ ಹೇಳಿರುತ್ತಾನೆ. ಸರ್ವೆ ನಂಬರ್ ಸಿಕ್ಕರೆ ಭೂಮಿ ತಂತ್ರಾಂಶದಲ್ಲಿ ಪಹಣಿ ಸಿಗುತ್ತದೆ, ಯಾರ ಹೆಸರಲ್ಲಿದೆ, ಬ್ಯಾಂಕಿನ ಸಾಲ ಎಷ್ಟಿದೆ ಅಂತ ಅದರಲ್ಲೇ ಕಾಣುತ್ತದೆ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ ತೆಗೆದರೆ ಮಾರಾಟ, ಅಡಮಾನ ತಿಳಿಯುತ್ತದೆ. ಕಂಪನಿ ಇದ್ದರೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ನಿರ್ದೇಶಕರ ಹೆಸರು, ಲೆಕ್ಕಪತ್ರ ಸಲ್ಲಿಸಿದ್ದಾರೋ ಇಲ್ಲವೋ ಗೊತ್ತಾಗುತ್ತದೆ. ಇ-ಕೋರ್ಟ್ಸ್‌ನಲ್ಲಿ ಜಿಲ್ಲೆ ಆರಿಸಿ ಹೆಸರು ಹಾಕಿದರೆ ಚೆಕ್ ಬೌನ್ಸ್ ಕೇಸು, ಜೀವನಾಂಶದ ಕೇಸು ಹೊರಬರಬಹುದು. ಇವೆಲ್ಲ ಯಾರು ಬೇಕಾದರೂ ನೋಡಬಹುದಾದ ದಾಖಲೆಗಳು. ಆಮೇಲೆ ಊರಿಗೆ ಹೋಗಬೇಕು. ಹಾಲಿನ ಡೇರಿ, ಕಿರಾಣಿ ಅಂಗಡಿ, ಹಳೆಯ ಬಾಡಿಗೆ ಮನೆಯ ಓನರ್, ಇಸ್ತ್ರಿ ಅಂಗಡಿ. ಸುಳ್ಳು ಹೇಳದೆ, "ಒಂದು ಸಂಬಂಧದ ವಿಚಾರವಾಗಿ ಕೇಳಿಕೊಂಡು ಬಂದಿದ್ದೀವಿ" ಅಂದರೆ ನಮ್ಮ ಕಡೆ ಜನ ಕಾಫಿ ಕೊಟ್ಟು ಮಾತಾಡುತ್ತಾರೆ. ಮಗಳನ್ನು ಕೊಡುವವರ ಆತಂಕ ಎಲ್ಲರಿಗೂ ಗೊತ್ತು.

ಆದರೆ ಒಬ್ಬರು ಹೇಳಿದ್ದನ್ನೇ ವರದಿಯಲ್ಲಿ ಬರೆಯಬಾರದು. ಜಮೀನಿನ ಜಗಳ ಇರುವ ದಾಯಾದಿ ಸಿಕ್ಕಿಬಿಟ್ಟರೆ ಒಳ್ಳೆಯ ಹುಡುಗನೂ ಕುಡುಕನಾಗಿಬಿಡುತ್ತಾನೆ. ಸಂಬಂಧವಿಲ್ಲದ ಮೂರು ಬಾಯಿಂದ ಬಂದರೆ ಬರೆಯಿರಿ, ಇಲ್ಲದಿದ್ದರೆ "ಖಚಿತವಾಗಿಲ್ಲ" ಅಂತ ಬರೆಯಿರಿ. ನಿಮ್ಮ ಎರಡು ಸಾಲಿನಿಂದ ಒಂದು ಮದುವೆ ನಿಲ್ಲುತ್ತದೆ. ಊರಲ್ಲಿ ಆ ಹುಡುಗಿಯ ಹೆಸರಿಗೆ ಏನಾಗುತ್ತದೆ ಅನ್ನುವುದು ಬರೆಯುವಾಗ ನಿಮ್ಮ ಕಣ್ಣ ಮುಂದೆ ಇರಬೇಕು.

ನಿಮಗೆ ಈಗಾಗಲೇ ಅರ್ಧ ಕೆಲಸ ಬರುತ್ತದೆ. ಕೋರ್ಸಿಗೆ ಹಾಕುವ ದುಡ್ಡನ್ನು ಉಳಿಸಿ, ಒಳ್ಳೆಯ ಏಜೆನ್ಸಿಯಲ್ಲಿ ಎರಡು ವರ್ಷ ಸಂಬಳಕ್ಕೆ ದುಡಿಯಿರಿ. ಸಾಧ್ಯವಾದರೆ ಎಲ್‌ಎಲ್‌ಬಿಗೆ ಸೇರಿ. ಹಿಂದಿ, ಉರ್ದು, ತೆಲುಗು ಮಾತಾಡಲು ಕಲಿಯಿರಿ, ದಾವಣಗೆರೆ, ಬಳ್ಳಾರಿ ಕಡೆ ಅದು ದಿನವೂ ಬೇಕಾಗುತ್ತದೆ.

ಹುಬ್ಬಳ್ಳಿ_ವಕೀಲ

ಮೈಸೂರಿನ ಮ್ಯಾಡಮ್ ಅವರು ಹೇಳಿದ್ದು ಖರೆ ಅದ. ಕೋರ್ಟಿನ ಕಡೆಯಿಂದ ನಾನೂ ಎರಡು ಮಾತು ಹೇಳ್ತೀನ್ರಿ.

ನಮ್ಮ ಹತ್ರ ಡಿಟೆಕ್ಟಿವ್ ರಿಪೋರ್ಟ್ ಹಿಡ್ಕೊಂಡು ಬರೋ ಕಕ್ಷಿದಾರರು ಭಾಳ ಮಂದಿ. ಪೆನ್‌ಡ್ರೈವ್‌ನ್ಯಾಗ ಫೋಟೊ ಇರ್ತಾವ, ಮೂಲ ಮೆಮೊರಿ ಕಾರ್ಡ್ ಎಲ್ಲದ ಅಂದ್ರ ಯಾರಿಗೂ ಗೊತ್ತಿರಂಗಿಲ್ಲ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದದ, ಅದರ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆ ಜೋಡಿ ಪ್ರಮಾಣಪತ್ರ ಕೊಡಬೇಕು, ಎರಡು ಭಾಗ ಇರ್ತಾವ, ಫೈಲಿನ ಹ್ಯಾಶ್ ವ್ಯಾಲ್ಯೂ, ಅಂದ್ರ ಫೈಲ್ ಬದಲಾಗಿಲ್ಲ ಅಂತ ತೋರಿಸೋ ಗುರುತಿನ ಸಂಖ್ಯೆ, ಬರೀಬೇಕು. ಫೋಟೊ ವಾಟ್ಸಾಪಿನ್ಯಾಗ ಕಳಿಸಿ ಮೂಲ ಅಳಿಸಿಬಿಟ್ರ ನಾ ಏನೂ ಮಾಡಾಕ ಬರಂಗಿಲ್ಲ.

ಕೌಟುಂಬಿಕ ನ್ಯಾಯಾಲಯಕ್ಕ ಸಾಕ್ಷ್ಯದ ವಿಷಯದಾಗ ಸ್ವಲ್ಪ ಸಡಿಲ ಅದ, 1984ರ ಕಾಯ್ದೆಯ 14ನೇ ಕಲಂ ಹಂಗ ಹೇಳ್ತದ. 2025ರ ಜುಲೈನ್ಯಾಗ ಸುಪ್ರೀಂ ಕೋರ್ಟ್ ಗಂಡ ಹೆಂಡತಿ ನಡುವಿನ ಗುಪ್ತ ರೆಕಾರ್ಡಿಂಗ್ ವಿಚ್ಛೇದನದ ಕೇಸಿನ್ಯಾಗ ಪರಿಗಣಿಸಬಹುದು ಅಂತ ಹೇಳ್ತು. ಅದನ್ನ ಓದಿ ಕೆಲವು ಡಿಟೆಕ್ಟಿವ್‌ಗಳು ಖುಷಿ ಆಗ್ಯಾರ. ಅಲ್ಲಿ ರೆಕಾರ್ಡ್ ಮಾಡಿದಾಂವ ಸ್ವತಃ ಗಂಡ, ತನ್ನ ಮಾತುಕತೆನ ತಾನ ರೆಕಾರ್ಡ್ ಮಾಡಿದ್ದ. ಮೂರನೇಯಾಂವ ಹೋಗಿ ಬೆಡ್‌ರೂಮಿನ್ಯಾಗ ಕ್ಯಾಮೆರಾ ಇಡಾಕ ಅದು ಪರವಾನಗಿ ಅಲ್ಲ.

ಇನ್ನೊಂದು. ವ್ಯಭಿಚಾರ 2018ರಿಂದ ಅಪರಾಧ ಅಲ್ಲ, ಆದ್ರ ಹಿಂದೂ ವಿವಾಹ ಕಾಯ್ದೆಯ 13ನೇ ಕಲಮಿನ್ಯಾಗ ವಿಚ್ಛೇದನಕ್ಕ ಕಾರಣ ಇನ್ನೂ ಅದ. ಹಂಗಾಗಿ ನಿಮ್ಮನ್ನ ಸಾಕ್ಷಿ ಕಟ್ಟಿಗೆ ಕರೀತಾರ. ಪಾಟೀ ಸವಾಲಿನ್ಯಾಗ ಮೊದಲನೇ ಪ್ರಶ್ನೆ "ನಿಮಗ ಯಾರು ಲೈಸೆನ್ಸ್ ಕೊಟ್ಟಾರ?" ಅಂತನ ಇರ್ತದ. ಕಾನೂನಿನ್ಯಾಗ ಅಂಥಾ ಲೈಸೆನ್ಸ್ ಇಲ್ಲ ಅಂತ ನೆಟ್ಟಗ ಹೇಳ್ರಿ, ಮುಗೀತು. ಆ ಸಿಂಹದ ಕಾರ್ಡ್ ತಗದು ತೋರಿಸಿದ್ರೋ, ನಿಮ್ಮ ಉಳಿದ ಸಾಕ್ಷ್ಯನೂ ಅಲ್ಲೇ ಸತ್ತು ಹೋಗ್ತದ.

ಸ್ಯಾಕ್ರಮೆಂಟೊ_ಕನ್ನಡಿಗ

ನಾನಿರುವ ಕ್ಯಾಲಿಫೋರ್ನಿಯಾದಲ್ಲಿ ಹೇಗಿದೆ ಅಂತ ಹೇಳ್ತೀನಿ, ಹೋಲಿಸಿ ನೋಡಲು ಆಗುತ್ತೆ. ಇಲ್ಲಿ ರಾಜ್ಯ ಸರ್ಕಾರದ ಭದ್ರತಾ ಮತ್ತು ತನಿಖಾ ಸೇವೆಗಳ ಬ್ಯೂರೋ ಲೈಸೆನ್ಸ್ ಕೊಡೋದು. ಮೂರು ವರ್ಷ, ಅಂದರೆ 6,000 ಗಂಟೆ ಸಂಬಳಕ್ಕೆ ತನಿಖಾ ಕೆಲಸ ಮಾಡಿದ ದಾಖಲೆ ಬೇಕು. ಕಾನೂನು ಅಥವಾ ಪೊಲೀಸ್ ವಿಜ್ಞಾನದ ಪದವಿ ಇದ್ದರೆ 4,000 ಗಂಟೆ ಸಾಕು. ಬೆರಳಚ್ಚು ಕೊಡಬೇಕು, ಎಫ್‌ಬಿಐವರೆಗೂ ಹೋಗಿ ಪರಿಶೀಲನೆ ಆಗುತ್ತೆ, ಆಮೇಲೆ ಎರಡು ಗಂಟೆಯ ಪರೀಕ್ಷೆ. ಬಂದೂಕಿಗೆ ಬೇರೆಯೇ ಪರ್ಮಿಟ್. ಲೈಸೆನ್ಸ್ ನಂಬರ್ ಹಾಕಿದರೆ ಆ ವ್ಯಕ್ತಿಯ ಮೇಲೆ ಕ್ರಮ ಆಗಿದೆಯಾ ಅಂತ ಸಾರ್ವಜನಿಕರು ವೆಬ್‌ಸೈಟಿನಲ್ಲೇ ನೋಡಬಹುದು. ಇಲ್ಲಿನ ನಮ್ಮವರು ಊರಲ್ಲಿ ಸಂಬಂಧ ವಿಚಾರಿಸಲು ಬೆಂಗಳೂರಿನ ಏಜೆನ್ಸಿ ಹಿಡಿಯುವಾಗ ಇಲ್ಲಿನ ಹಾಗೇ ಲೈಸೆನ್ಸ್ ನಂಬರ್ ಕೇಳ್ತಾರೆ. ಅಲ್ಲಿಂದ ಯಾವುದೋ ನಂಬರ್ ಬರುತ್ತೆ, ಇವರು ನಂಬ್ತಾರೆ. ಇನ್ನು ಮುಂದೆ ನಾನು ಅವರಿಗೆ ಈ ಚರ್ಚೆಯನ್ನೇ ಕಳಿಸ್ತೀನಿ.

ಬ್ರಿಟನ್ನಿನ ಸ್ಥಿತಿ ಮಾತ್ರ ನಮ್ಮದೇ. 2001ರ ಕಾಯ್ದೆಯಲ್ಲಿ ಖಾಸಗಿ ತನಿಖೆಯ ಹೆಸರಿದೆ, ಗಾರ್ಡುಗಳಿಗೆ ಲೈಸೆನ್ಸ್ ಜಾರಿಯಾಯ್ತು, ತನಿಖೆಯವರಿಗೆ ಆಗಲೇ ಇಲ್ಲ.

ಪೀಣ್ಯ_ಸೆಕ್ಯುರಿಟಿ

ನಮ್ಮ ಓನರ್ ಹೇಳಿದ್ದನ್ನೇ ನಾನು ಬರೆದಿದ್ದು. ಈಗ ಲೈಸೆನ್ಸ್ ಕಾಪಿ ತೆಗೆದು ಓದಿದೆ, ಅದರಲ್ಲಿ ಸೆಕ್ಯುರಿಟಿ ಸೇವೆ ಅಂತ ಮಾತ್ರ ಇದೆ. ಮೈಸೂರಿನವರು ಹೇಳಿದ್ದೇ ಸರಿ.

ದಾವಣಗೆರೆ_ಫೀಲ್ಡ್

ಅಕ್ಕಾ, ವಕೀಲರೇ, ಎಲ್ಲರಿಗೂ ಧನ್ಯವಾದ. ದುಡ್ಡು ಕಟ್ಟಲ್ಲ. ಆ ಸಂಸ್ಥೆಯವರಿಗೆ ಯಾವ ಕಾಯ್ದೆ, ಯಾವ ಕಲಂ ಅಂತ ಬರೆದು ಕಳಿಸಿ ಅಂದೆ, ನನ್ನ ನಂಬರ್ ಬ್ಲಾಕ್ ಮಾಡಿದ್ರು.

ಇನ್ನೊಂದು ಕೇಳಬೇಕು. ನಾನು ಹೀಗೆ ಏಜೆನ್ಸಿ ಮಾಡ್ತೀನಿ ಅಂತ ಗೊತ್ತಾಗಿ, ಪರಿಚಯದವರ ಕಡೆಯಿಂದ ಒಬ್ಬರು ಬಂದಿದ್ದಾರೆ. ಹೆಂಡತಿ ಮನೆ ಬಿಟ್ಟು ಹೋಗಿದ್ದಾರಂತೆ. ಯಾವ ಊರಲ್ಲಿದ್ದಾರೆ ಅಂತ ಹುಡುಕಿಕೊಟ್ಟರೆ 25,000 ಕೊಡ್ತಾರಂತೆ. ಪೊಲೀಸರ ಹತ್ತಿರ ಹೋಗೋದು ಬೇಡ, ಮರ್ಯಾದೆ ಪ್ರಶ್ನೆ ಅಂತಾರೆ. ವಿಳಾಸ ಹುಡುಕೋದು ನನಗೆ ಗೊತ್ತಿರೋ ಕೆಲಸವೇ. ಇದು ತಗೋಬಹುದಾ?

ಮೈಸೂರು_ವಿಚಾರಣೆ

ಅಕ್ಕ ಅಂದೆಯಲ್ಲ, ಇನ್ನು ನೀನು ಅಂತಲೇ ಬರೀತೀನಿ. ತಗೋಬೇಡ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ, ಇದು ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಅಪಾಯದ ಜಾಗ.

ಮನೆ ಬಿಟ್ಟು ಹೋಗುವ ಹೆಣ್ಣುಮಗಳು ಸುಮ್ಮನೆ ಹೋಗಿರುವುದಿಲ್ಲ. ಹೊಡೆತ ತಾಳದೆ ಹೋಗಿರಬಹುದು. ತವರಿನವರೇ ಎಲ್ಲೋ ಇಟ್ಟು ಕಾಪಾಡುತ್ತಿರಬಹುದು. ನೊಂದ ಹೆಣ್ಣುಮಕ್ಕಳಿಗೆ ಆಸರೆ ಕೊಡುವ ಸಾಂತ್ವನ ಕೇಂದ್ರದಲ್ಲೋ ಶಕ್ತಿ ಸದನದಲ್ಲೋ (ಮೊದಲು ಸ್ವಾಧಾರ ಗೃಹ ಅನ್ನುತ್ತಿದ್ದರು) ಇರಬಹುದು. ನೀನು ವಿಳಾಸ ಕೊಟ್ಟ ರಾತ್ರಿ ಅವನು ಅಲ್ಲಿಗೆ ಹೋಗಿ ಏನು ಮಾಡುತ್ತಾನೆ ಅನ್ನುವುದು ನಿನ್ನ ಕೈಯಲ್ಲಿ ಇರುವುದಿಲ್ಲ. ಹೆಂಡತಿ ಕಾಣೆಯಾಗಿದ್ದಾಳೆ ಅಂತ ನಿಜವಾಗಿ ಆತಂಕ ಇರುವ ಗಂಡ ಮೊದಲು ಓಡುವುದು ಪೊಲೀಸ್ ಠಾಣೆಗೆ. ಪೊಲೀಸರು ಬೇಡ ಅನ್ನುವ ಒಂದೇ ಮಾತು ನನಗೆ ಸಾಕು, ನಾನು ಅಲ್ಲಿಗೇ ಎದ್ದುಬಿಡುತ್ತೇನೆ. ಪ್ರೀತಿಸಿ ಹೋದ ವಯಸ್ಕ ಮಗಳನ್ನು ಹುಡುಕಿಕೊಡಿ ಅಂತ ಬರುವ ಅಪ್ಪ, ಅಣ್ಣಂದಿರಿಗೂ ನನ್ನದು ಇದೇ ಉತ್ತರ.

ನಮ್ಮಲ್ಲಿ ನಡೆಯುವ ಕ್ರಮ ಹೇಳ್ತೀನಿ. ವ್ಯಕ್ತಿಯನ್ನು ಹುಡುಕುವ ಕೆಲಸಕ್ಕೆ ಠಾಣೆಯಲ್ಲಿ ಕೊಟ್ಟ ನಾಪತ್ತೆ ದೂರಿನ ಪ್ರತಿ ಬೇಕು, ಇಲ್ಲವೆ ಕೋರ್ಟಿನ ಕೇಸಿನಲ್ಲಿ ವಕೀಲರು ಸಹಿ ಹಾಕಿದ ಪತ್ರ ಬೇಕು, ಯಾಕೆ ಹುಡುಕಬೇಕು ಅಂತ ಅದರಲ್ಲಿ ಇರಬೇಕು. ಹುಡುಕಿ ಸಿಕ್ಕವರು ವಯಸ್ಕರಾಗಿದ್ದರೆ ಮೊದಲು ಅವರನ್ನು ನಾನೇ ಮಾತಾಡಿಸುತ್ತೇನೆ. ವಿಳಾಸ ಕೊಡಬೇಡಿ ಅಂದರೆ "ಬದುಕಿದ್ದಾರೆ, ಕ್ಷೇಮವಾಗಿದ್ದಾರೆ, ಸಂಪರ್ಕ ಬೇಡ ಅಂದಿದ್ದಾರೆ" ಅಂತ ಮಾತ್ರ ಗಿರಾಕಿಗೆ ಹೇಳುತ್ತೇನೆ. ಈ ಷರತ್ತನ್ನು ಕೆಲಸ ಒಪ್ಪಿಕೊಳ್ಳುವ ಪತ್ರದಲ್ಲೇ ಬರೆದು ಸಹಿ ಹಾಕಿಸಿಕೊಂಡಿರುತ್ತೇನೆ. ಅದನ್ನು ಓದಿ ಎದ್ದು ಹೋದವರಿದ್ದಾರೆ, ಹೋಗಲಿ. ಮರೆವಿನ ಕಾಯಿಲೆಯ ಹಿರಿಯರು, ಮಕ್ಕಳು ಕಾಣೆಯಾದಾಗ ಮಾತ್ರ ಲೆಕ್ಕ ಬೇರೆ. ಅಲ್ಲಿ ಪೊಲೀಸರ ಜೊತೆಗೇ ನಿಂತು, ಬಸ್‌ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು, ದೇವಸ್ಥಾನದ ಛತ್ರ, ಆಸ್ಪತ್ರೆ ಅಂತ ರಾತ್ರಿಯೆಲ್ಲ ಓಡಾಡುತ್ತೇವೆ.

ಆ ಮನುಷ್ಯನಿಗೆ ಮರ್ಯಾದೆಯಾಗಿ ಹೇಳು: "ಠಾಣೆಯಲ್ಲಿ ದೂರು ಕೊಡಿ, ಇಲ್ಲ ವಕೀಲರನ್ನು ನೋಡಿ, ಈ ಕೆಲಸ ನನ್ನಿಂದ ಆಗಲ್ಲ." ಮುಂಗಡ ಏನಾದರೂ ತಗೊಂಡಿದ್ದರೆ ಇವತ್ತೇ ಬ್ಯಾಂಕಿನ ಮೂಲಕವೇ ವಾಪಸ್ ಹಾಕು, ದಾಖಲೆ ಇರಲಿ. ಆ ಹೆಂಗಸಿನ ಫೋಟೊ, ಫೋನ್ ನಂಬರ್ ನಿನಗೆ ಕಳಿಸಿದ್ದರೆ ಮೊಬೈಲಿನಿಂದ ಅಳಿಸು, ಬೇರೆ ಯಾರಿಗೂ ಕಳಿಸಬೇಡ.

ಕೆಲಸ ಒಪ್ಪಿಕೊಳ್ಳುವ ಪತ್ರದಲ್ಲಿ ಗಿರಾಕಿಯ ಗುರುತಿನ ಚೀಟಿಯ ಪ್ರತಿ, ಕೆಲಸದ ಉದ್ದೇಶ, ನಾವು ಏನು ಮಾಡುವುದಿಲ್ಲ ಅನ್ನುವ ಪಟ್ಟಿ, ಮಾಹಿತಿಯನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೇವೆ ಅನ್ನುವುದು ಇರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಮ್ಮಂಥ ಸಣ್ಣವರನ್ನೂ ಮುಟ್ಟುತ್ತದೆ. ನಿನ್ನ ಪತ್ರದ ಕರಡು ಬರೆದು ಇಲ್ಲೇ ಹಾಕು. ಹುಬ್ಬಳ್ಳಿಯ ವಕೀಲರೂ ಒಂದು ಸಲ ನೋಡಿ ಹೇಳಲಿ.

ಹುಬ್ಬಳ್ಳಿ_ವಕೀಲ

ಹಾಕ್ರಿ, ನೋಡ್ತೀನಿ. ಮುಂಗಡ ವಾಪಸ್ ಹಾಕುವಾಗ ಯಾಕ ವಾಪಸ್ ಅಂತ ಒಂದು ಮೆಸೇಜೂ ಕಳಿಸಿ ಇಟ್ಕೋರಿ.